ಹಿಡಿ ಸಕ್ಕರೆ

“ಬಾಯಿ ತೆಗಿ ಕಳ್ಳ ನನ್ಮಗನೆ. ಇನ್ನೊಂದು ಹಿಡಿ. ಸಕ್ಕರೆ ಅಂದ್ರೆ ಅಷ್ಟು ಆಸೆ ಅಲ್ವಾ ನಿಂಗೆ? ತಿನ್ನು.”

ಮೇಸ್ತ್ರಿ ಹಿಂದಿನಿಂದ ಜೇನುಗಾರನ ಕುತ್ತಿಗೆ ಅದುಮಿ ಹಿಡಿದಿದ್ದ. ಸಾಹುಕಾರ ತನ್ನ ಕೈಯಾರೆ ಮೂಟೆಯಿಂದ ಸಕ್ಕರೆ ಮೊಗೆದು ಅವನ ಬಾಯಿಗೆ ತುರುಕುತ್ತಿದ್ದ. ಹಾಡುಹಗಲು, ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ. ಸುತ್ತ ನಿಂತಿದ್ದ ಗಿರಾಕಿಗಳ ಕೈಯಲ್ಲೆಲ್ಲ ಒಂದೊಂದು ಬಾಟಲಿ. ಬಾಟಲಿಯೊಳಗಿನ ಜೇನು ಹರಳುಗಟ್ಟಿ ಬೆಣ್ಣೆಯ ಹಾಗೆ ಬೆಳ್ಳಗಾಗಿತ್ತು. ತಲೆಕೆಳಗು ಮಾಡಿದರೂ ಜಗ್ಗುತ್ತಿರಲಿಲ್ಲ. ಜೇನಿಗೆ ಸಕ್ಕರೆ ಬೆರೆಸಿದ್ದೀರಿ ಎಂದು ಬೆಳಗಿನಿಂದ ಜಗಳ. ಜಗಳ ಮುಗಿಯಬೇಕಾದರೆ ಒಬ್ಬ ಕಳ್ಳ ಬೇಕಿತ್ತು. ಸಾಹುಕಾರ ದೊಡ್ಡ ವ್ಯಾಪಾರಿ. ಗಿರಾಕಿ ಕೇಳಿದ್ದನ್ನು ಇಲ್ಲ ಎಂದು ಕಳಿಸಿದ ಮನೆತನವೇ ಅಲ್ಲ ಅವನದು. ಕಳ್ಳನನ್ನೂ ಒದಗಿಸಿದ.

ಜೇನುಗಾರನ ಹೆಂಡತಿ ಅದೇ ಅಂಗಡಿಯ ಹಿತ್ತಲಿನಲ್ಲಿ ಬಾಟಲಿ ತೊಳೆಯುವವಳು. ಸದ್ದು ಕೇಳಿ ಒದ್ದೆ ಕೈಯಲ್ಲೇ ಎದ್ದಳು. ಹಿಂದಿನ ಬಾಗಿಲಿನವರು ಅಂಗಡಿಯೊಳಗೆ ಕಾಲಿಡುವಂತಿಲ್ಲ, ಗೋಡೆ ಸುತ್ತಿಕೊಂಡೇ ಬರಬೇಕು. ಸುತ್ತಿ ಬರುವಷ್ಟರಲ್ಲಿ ಗಂಡ ಮೆಟ್ಟಿಲ ಮೇಲೆ ಕಾರಿಕೊಂಡಿದ್ದ. ಕಾರಿಕೊಂಡ ಬಾಯಿಗೆ ಸಾಹುಕಾರ ಮತ್ತೆ ತುಂಬುತ್ತಿದ್ದ.

“ಅದು ಸಾಸಿವೆ ಹೂವಿನ ಜೇನು ಸಾವ್ಕಾರ್ರೆ,” ಎಂದಳು ಅವಳು. “ಚಳಿಗೆ ಹಂಗೇ ಗಟ್ಟಿಯಾಗುತ್ತೆ. ನಿಮಗೆ ಗೊತ್ತಿಲ್ದೇ ಇರೋದಾ?”

ಗೊತ್ತಿತ್ತು. ಅವನ ಅಪ್ಪನೂ ತಾತನೂ ಜೇನು ಮಾರಿಯೇ ಮಾಳಿಗೆ ಕಟ್ಟಿಸಿದವರು. ಗೊತ್ತಿದ್ದುದರಿಂದಲೇ ಅವನು ಅವಳತ್ತ ತಿರುಗಿ ಕೈಯಲ್ಲಿದ್ದ ಸಕ್ಕರೆ ಕೊಡವಿಕೊಂಡು, “ಓಹೋ, ನೋಡಿ, ಸಕ್ಕರೆನೇ ಬಂದ್ಲು,” ಎಂದ.

ಗಿರಾಕಿಗಳು ನಕ್ಕರು. ಜಗಳ ಅಲ್ಲಿಗೆ ಮುಗಿಯಿತು. ಅವಳ ಹೆಸರೂ ಅಲ್ಲಿಗೇ ಮುಗಿಯಿತು. ಅಂದಿನಿಂದ ಅವಳು ಸಕ್ಕರೆ. ಮೇಸ್ತ್ರಿಗೂ ಸಕ್ಕರೆ, ಲಾರಿಯವನಿಗೂ ಸಕ್ಕರೆ, ಬೀದಿಯ ಮಕ್ಕಳಿಗೆ ಸಕ್ಕರೆ ಅತ್ತೆ.

ಸಾಹುಕಾರ ಅಂದು ಇನ್ನೊಂದು ಪುಣ್ಯದ ಕೆಲಸವನ್ನೂ ಮಾಡಿದ. ಬಾಟಲಿಗೆ ತುಂಬದೆ ಉಳಿದಿದ್ದ ಮೂರು ಜಾಡಿ ಜೇನನ್ನು ಎಲ್ಲರಿಗೂ ಕಾಣುವ ಹಾಗೆ ಬೀದಿಗಿಡಿಸಿದ. ಇಂಥ ಕಲಬೆರಕೆ ಮಾಲು ತನ್ನ ಸೂರಿನ ಕೆಳಗೆ ಒಂದು ಗಳಿಗೆಯೂ ಇರಕೂಡದು ಎಂದ. ಗಂಡ ಹೆಂಡತಿ ಅವನ್ನು ಹೊತ್ತು ಮನೆಗೆ ತಂದರು. ದಾರಿಯುದ್ದಕ್ಕೂ ಗಂಡನ ಗಡ್ಡಕ್ಕೆ ಅಂಟಿದ ಸಕ್ಕರೆ ಹರಳು ಬಿಸಿಲಿಗೆ ಮಿನುಗುತ್ತಿದ್ದವು. ಇರುವೆ ಮುತ್ತುವ ಮುಂಚೆ ಮುಖ ತೊಳಕೋ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಮನೆಯಲ್ಲಿ ಅತ್ತೆ ಇದ್ದಳು. ಜೇನು ಕೀಳಲು ಬೆಟ್ಟದ ಬಂಡೆಯಿಂದ ಇಳಿಯುವಾಗ ಹಿಂದೆ ಗಂಡನಿಗೂ ಆಮೇಲೆ ಮಗನಿಗೂ ಮೇಲೆ ಹಗ್ಗ ಹಿಡಿದು ಕೂರುತ್ತಿದ್ದ ಹೆಂಗಸು; ಈಗ ಸೊಂಟ ಬಿದ್ದು ಮಂಚ ಹಿಡಿದಿದ್ದಳು. ಸೊಂಟ ಹೋದರೂ ನಾಲಿಗೆ ಗಟ್ಟಿಯಿತ್ತು. ನಡೆದದ್ದನ್ನು ಸೊಸೆಯ ಬಾಯಿಂದ ಕೇಳಿದಳು. ಸಾಹುಕಾರನ ಹುಟ್ಟನ್ನೂ ಅವನನ್ನು ಹೆತ್ತ ಹೊಟ್ಟೆಯನ್ನೂ ಬರೆಯಲಾಗದ ಮಾತುಗಳಲ್ಲಿ ಹರಸಿದಳು. ಆಮೇಲೆ ಒಲೆಯ ಮೇಲೆ ಮೇಣ ಕರಗಿಸಲು ಹೇಳಿದಳು. ಜಾಡಿಗಳ ಬಾಯಿಗೆ ಮೇಣ ಸುರಿಸಿ, ಬಟ್ಟೆ ಕಟ್ಟಿಸಿ, ತನ್ನ ಮಂಚದ ಕೆಳಗೆ ತಳ್ಳಿಸಿಕೊಂಡಳು. ಮನೆಯಲ್ಲಿ ತೇವ ಏರದ ಮೂಲೆ ಅದೊಂದೇ. ಅದಕ್ಕೇ ಅವಳ ಮಂಚ ಅಲ್ಲಿತ್ತು.

“ಇದು ಕೆಡೋ ವಸ್ತು ಅಲ್ಲ. ಇರ್ಲಿ,” ಎಂದಳು. “ಕೆಟ್ಟೋನು ಅವ್ನು. ಒಂದಿನ ಅವ್ನೇ ಹುಡುಕ್ಕೊಂಡು ಬರ್ತಾನೆ.”

ಅಂದಿನಿಂದ ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಅವಳದೊಂದು ಪ್ರಾರ್ಥನೆ. ದೇವರೇ, ಆ ಸಾಹುಕಾರನಿಗೆ ಆಯುಸ್ಸು ಕೊಡು, ಆರೋಗ್ಯ ಕೊಡು, ಹಲ್ಲು ಬೀಳದ ಹಾಗೆ ನೋಡಿಕೋ, ಅವನ ಬಾಯಿಗೆ ಮುಂದೆ ಕೆಲಸವಿದೆ. ಶತ್ರುವಿಗೂ ಒಳ್ಳೆಯದನ್ನೇ ಬೇಡುವ ಭಕ್ತರು ಇದ್ದಾರೆಂದು ಕೇಳಿದ್ದೇವೆ. ಅವಳಷ್ಟು ಮನಸ್ಸಿಟ್ಟು ಬೇಡಿದವರು ಕಡಿಮೆ.

ಬೆಟ್ಟದ ಗುತ್ತಿಗೆ ಸಾಹುಕಾರನದು. ಬಂಡೆ, ಬಂಡೆಗೆ ಕಟ್ಟಿದ ಜೇನುಹುಟ್ಟು, ಹುಟ್ಟಿನಲ್ಲಿನ ಹುಳ, ಹುಳ ನೀರು ಕುಡಿಯುವ ಹಳ್ಳ, ಎಲ್ಲ ಕಾಗದದ ಪ್ರಕಾರ ಅವನವೇ. ಹುಳಗಳಿಗೆ ಮಾತ್ರ ಓದು ಬಾರದ್ದರಿಂದ ಆ ವರ್ಷ ಅವು ಯಾರ ಅಪ್ಪಣೆಯನ್ನೂ ಕೇಳದೆ ತಗ್ಗಿನ ಸಾಸಿವೆ ಹೊಲಕ್ಕೆ ಹೋಗಿದ್ದವು. ತಪ್ಪು ಹುಳದ್ದು, ದಂಡ ಜೇನುಗಾರನಿಗೆ. ಬೆಟ್ಟ ಹತ್ತುವ ಅವನ ಪರವಾನಗಿಯನ್ನು ಸಾಹುಕಾರ ಕಸಿದುಕೊಂಡ. ಬಂಡೆಯಿಂದ ಇಳಿಬಿಡುತ್ತಿದ್ದ ಹಗ್ಗ ಮನೆಯ ಮುಂದೆ ಬಟ್ಟೆ ಒಣಗಿಸಲು ಬಂತು. ಅಷ್ಟು ಗಟ್ಟಿಯಾದ ಹಗ್ಗಕ್ಕೆ ಒಂದು ಲಂಗ, ಎರಡು ರವಿಕೆ ಯಾವ ಭಾರ? ಜೇನುಗಾರ ಅಂಗಡಿಯ ಹಿಂದಿನ ಬಾಗಿಲಲ್ಲಿ ಲಾರಿಯಿಂದ ಡ್ರಮ್ಮು ಇಳಿಸುವವನಾದ. ಆಮೇಲೆ ಅವನು ಚಹಾಕ್ಕೆ ಸಕ್ಕರೆ ಹಾಕಿಸಿಕೊಳ್ಳಲಿಲ್ಲ. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಹೆಂಡತಿಯೂ ಅವನ ಎದುರು ಕುಡಿಯುವಾಗ ತನ್ನ ಲೋಟಕ್ಕೆ ಹಾಕಿಕೊಳ್ಳುತ್ತಿರಲಿಲ್ಲ.

ಆ ಡ್ರಮ್ಮುಗಳು ಎಲ್ಲಿಂದ ಬರುತ್ತಿದ್ದವೋ ದೇವರಿಗೇ ಗೊತ್ತು. ಮೈಮೇಲಿನ ಅಕ್ಷರ ಆ ಊರಿನಲ್ಲಿ ಯಾರೂ ಓದಲಾರರು. ಒಳಗಿನದನ್ನು ಹಿತ್ತಲಿನ ಕೊಪ್ಪರಿಗೆಯಲ್ಲಿ ಕುದಿಸಿ, ಪಾಕ ಸೇರಿಸಿ, ಸೋಸಿ ಬಾಟಲಿಗೆ ತುಂಬುತ್ತಿದ್ದರು. ಅದು ಚಳಿಗೂ ಗಟ್ಟಿಯಾಗುತ್ತಿರಲಿಲ್ಲ, ಮಳೆಗೂ ಗಟ್ಟಿಯಾಗುತ್ತಿರಲಿಲ್ಲ. ಸಾಹುಕಾರನ ಮಾತಿನ ಹಾಗೆ ಸದಾ ಹರಿಯುತ್ತಲೇ ಇತ್ತು. ಬಾಟಲಿಯ ಮೇಲೆ ‘ನೆರೆಮನೆ ಜೇನು’ ಎಂಬ ಚೀಟಿ. ಅಂಗಡಿಯ ನೆತ್ತಿಯ ಮೇಲೆ ಬೋರ್ಡು: ‘ದೂರದ್ದು ಬೇಡ, ನೆರೆಯದ್ದು ಕೊಳ್ಳಿ.’

ನೆರೆಯದ್ದು ಅಂದ ಮೇಲೆ ನೆರೆಯವರು ಯಾರಾದರೂ ಕಾಣಬೇಕಲ್ಲ. ಅದಕ್ಕೆ ಬಾಗಿಲ ಪಕ್ಕದಲ್ಲಿ ಸಿಮೆಂಟಿನದೊಂದು ಬಂಡೆ ಕಟ್ಟಿಸಿದರು. ಬಂಡೆಗೆ ಸಿಮೆಂಟಿನದೇ ಹುಟ್ಟು ಅಂಟಿಸಿದರು. ಬಂಡೆಯ ಮೇಲೆ ಕೂರಲು ಮುಖವೊಂದು ಬೇಕಾಯಿತು. ಸಾಹುಕಾರ ಹಿತ್ತಲಿಗೆ ಬಂದು ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿ ಸಕ್ಕರೆಯನ್ನು ಆರಿಸಿದ. ಬಿಸಿಲುಂಡ ಮುಖ, ಹಣೆಯ ಮೇಲೆ ಗೆರೆ, ಗಿರಾಕಿಗೆ ಕಾಡು ನೆನಪಾಗುತ್ತೆ ಎಂದ. ಅಂಗಡಿಯ ಹೊಸ್ತಿಲು ಅವಳಿಗೆ ಆಗಲೂ ಇಲ್ಲ. ಬಂಡೆ ಹೊಸ್ತಿಲಿನ ಆಚೆ ಇತ್ತು. ಹಗಲೆಲ್ಲ, ಹುಳ ಎಬ್ಬಿಸುವ ಹೊಗೆಯ ಮಡಕೆ ಹಿಡಿದು ಅವಳು ಅಲ್ಲಿ ಕೂತಿರಬೇಕು. ಗಿರಾಕಿಗಳು ಪಕ್ಕ ನಿಂತು ಫೋಟೋ ಹಿಡಿಸಿಕೊಳ್ಳುತ್ತಿದ್ದರು. ಒಬ್ಬಾಕೆ ತನ್ನ ಮಗುವಿಗೆ, ಮುಟ್ಟು ಪುಟ್ಟಾ ಏನೂ ಮಾಡಲ್ಲ, ಎಂದಿದ್ದಳು. ಹುಳದ ಬಗ್ಗೆ ಹೇಳಿದಳೋ ಇವಳ ಬಗ್ಗೆಯೋ ತಿಳಿಯಲಿಲ್ಲ. ಹುಳವಂತೂ ಅಲ್ಲಿ ಒಂದೂ ಇರಲಿಲ್ಲ.

ಜೇನನ್ನು ವರ್ಷಗಟ್ಟಲೆ ಇಡುವುದು ಹೇಗೆ ಎಂಬ ಬಗ್ಗೆ ಸಾಹುಕಾರ ದಿನವೂ ಗಿರಾಕಿಗಳಿಗೆ ಪುರಾಣ ಹೇಳುತ್ತಿದ್ದ. ಜೇನಿಗೆ ಬಿಸಿಲು ಬೀಳಬಾರದು. ತೇವ ತಾಗಬಾರದು. ಒಲೆಯ ಪಕ್ಕ ಇಡಬಾರದು, ಫ್ರಿಜ್ಜೂ ಬೇಡ. ಮುಚ್ಚಳ ಬಿಗಿಯಾಗಿರಲಿ, ಒದ್ದೆ ಚಮಚ ಹಾಕಬೇಡಿ, ತಂಪಾದ ಒಣ ಕೋಣೆಯಲ್ಲಿ ಕತ್ತಲೆಗಿಡಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಬಂಡೆಯ ಮೇಲೆ ನಡು ಮಧ್ಯಾಹ್ನದ ಬಿಸಿಲಲ್ಲಿ ಕೂತು, ಹೊಗೆಗೆ ಕೆಮ್ಮುತ್ತ, ಸಕ್ಕರೆ ಇದನ್ನೆಲ್ಲ ಕೇಳುತ್ತಿದ್ದಳು. ಅವಳ ಮನೆಗೆ ಒಂದೇ ಕೋಣೆ. ಗೋಡೆ ಮಳೆಗಾಲದಲ್ಲಿ ಬೆವರುತ್ತಿತ್ತು, ಬೇಸಿಗೆಯಲ್ಲಿ ತಗಡು ಕಾಯುತ್ತಿತ್ತು, ಒಲೆ ತಲೆದಿಂಬಿನ ಪಕ್ಕದಲ್ಲೇ. ಜೇನಿಗೆ ಹೇಳಿದ ಸೌಕರ್ಯವೆಲ್ಲ ಮನುಷ್ಯರಿಗೆ ಸಿಕ್ಕಿದ್ದರೆ ಮನುಷ್ಯರೂ ಇಷ್ಟು ಬೇಗ ಕೆಡುತ್ತಿರಲಿಲ್ಲವೇನೋ ಎಂದು ಅವಳಿಗೆ ಅನ್ನಿಸುತ್ತಿತ್ತು. ಕೇಳಿದರೆ ಸಾಹುಕಾರ ಅದಕ್ಕೂ ಚೀಟಿ ಅಂಟಿಸಿ ಮಾರಿಯಾನು ಎಂದು ಸುಮ್ಮನಿದ್ದಳು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಚಮಚದಮ್ಮ ಬಂದಳು.

ಅವಳು ದೊಡ್ಡ ಪಟ್ಟಣದವಳು, ಚೀಲದಲ್ಲಿ ತನ್ನದೇ ಮರದ ಚಮಚ ಇಟ್ಟುಕೊಂಡು ಓಡಾಡುವವಳು. ಒಳ್ಳೆಯ ತಿನಿಸು ಯಾವುದೆಂದು ಅವಳು ಹೇಳಿದರೆ ಸಾವಿರಾರು ಮನೆಗಳು ಅದನ್ನೇ ತಿನ್ನುತ್ತಿದ್ದವು. ಅವಳು ಸಾಹುಕಾರನ ಬಾಟಲಿಯನ್ನು ತಲೆಕೆಳಗು ಮಾಡಿದಳು. ಜೇನು ಮುಚ್ಚಳದತ್ತ ಸರಾಗವಾಗಿ ಇಳಿಯಿತು. ಅವಳು ಮೂಗು ಮುರಿದು, ಹರಿಯೋದು ಜೇನಲ್ಲ, ಕುದಿಸಿದ ಪಾಕ. ಅಸಲಿ ಜೇನು ಗಟ್ಟಿಯಾಗುತ್ತೆ, ಚಮಚ ಹಾಕಿದ್ರೆ ನಿಲ್ಲಬೇಕು, ಎಂದಳು. ಅದನ್ನೇ ಫೋನಿನಲ್ಲಿ ಲೋಕಕ್ಕೂ ಹೇಳಿದಳು.

ವಾರ ಕಳೆಯುವುದರೊಳಗೆ ಗಿರಾಕಿಗಳು ಮತ್ತೆ ಬಾಟಲಿ ಹಿಡಿದು ಬಂದರು. ಅದೇ ಗಿರಾಕಿಗಳು. ಅಂದು ಗಟ್ಟಿಯಾಯಿತು ಎಂದು ಬೈದವರು ಇಂದು ಗಟ್ಟಿಯಾಗಲಿಲ್ಲ ಎಂದು ಬೈದರು. ಬೈಗುಳ ಮಾತ್ರ ಅದೇ, ಸಕ್ಕರೆ ಬೆರೆಸಿದ್ದೀರಿ ಎಂದು. ಬಂಡೆಯ ಮೇಲೆ ಕೂತಿದ್ದ ಸಕ್ಕರೆ ತನ್ನನ್ನೇ ಕರೆದರೆಂದು ಎರಡು ಸಲ ತಿರುಗಿ ನೋಡಿದಳು.

ಸಾಹುಕಾರ ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟು ನೋಡಿದ. ಐಸಿನ ಪೆಟ್ಟಿಗೆಯಲ್ಲಿಟ್ಟು ನೋಡಿದ. ಪಾಕ ಗಟ್ಟಿಯಾಗಲಿಲ್ಲ, ಫ್ರಿಜ್ಜು ಕೆಟ್ಟಿತು. ಆಗ ಅವನಿಗೆ ಮೂರು ಜಾಡಿಗಳ ನೆನಪಾಯಿತು.

ಸಾಹುಕಾರ ತಮ್ಮ ಬೀದಿಗೆ ಬಂದುದನ್ನು ಆ ಬೀದಿಯವರು ಅಲ್ಲಿಯವರೆಗೆ ಕಂಡಿರಲಿಲ್ಲ. ಮೇಸ್ತ್ರಿ ಮುಂದೆ ಮುಂದೆ ಕೋಳಿಗಳನ್ನು ಓಡಿಸುತ್ತ ದಾರಿ ಮಾಡಿದ. ಸಕ್ಕರೆಯ ಮನೆ ಬಾಗಿಲು ತಗ್ಗು, ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಸಾಹುಕಾರ ಹೊರಗೇ ನಿಂತು, ಮೂಗಿನ ಮುಂದೆ ಕರವಸ್ತ್ರ ಹಿಡಿದು ಕ್ಷೇಮಸಮಾಚಾರ ಕೇಳಿದ. ಅತ್ತೆ ಒಳಗಿನಿಂದಲೇ, ದೇವರ ದಯೆ, ನಿಮ್ಮ ಆಯುಸ್ಸಿಗೇ ಬೇಡ್ಕೋತಾ ಇದ್ದೀನಿ ಎಂದಳು. ಅವನಿಗೆ ಸಂತೋಷವಾಯಿತು.

ಹಳೆಯ ಮಾಲು ಇದೆಯಂತಲ್ಲ ಎಂದು ಅವನು ಶುರು ಮಾಡಿದ. ಇದೆ ಎಂದಳು ಸಕ್ಕರೆ. ಅದನ್ನು ಕೊಟ್ಟರೆ ಅಂಗಡಿಯಲ್ಲಿ ಗಟ್ಟಿ ಜೇನಿನದೇ ಬೇರೆ ಮಾರಾಟದ ಕಟ್ಟೆ ತೆರೆಯುತ್ತೇನೆ ಎಂದ. ಬೆಟ್ಟದ ಗುತ್ತಿಗೆ ಕೊಡುವ ಅಧಿಕಾರಿಗಳೇ ಬಂದು ಜಾಡಿಯ ಮೇಣ ಒಡೆಯುತ್ತಾರೆ, ಚಮಚದಮ್ಮ ಫೋಟೋ ತೆಗೆಯುತ್ತಾರೆ. ಗಂಡನಿಗೆ ಬೆಟ್ಟದ ಪರವಾನಗಿ ಮತ್ತೆ ಕೊಡಿಸುತ್ತೇನೆ, ಬೆಲೆಯೂ ಅವಳು ಕೇಳಿದ್ದೇ.

ಜೇನುಗಾರ ಬಾಗಿಲ ಪಕ್ಕದಲ್ಲಿ ಗೋಡೆಗೊರಗಿ ಕೂತು ಹಗ್ಗದ ಮೇಲಿನ ಬಟ್ಟೆಯನ್ನೇ ನೋಡುತ್ತಿದ್ದ. ಸಕ್ಕರೆ ಅವನನ್ನೊಮ್ಮೆ ನೋಡಿದಳು.

“ಬೆಲೆ ಬೇಡ,” ಎಂದಳು. “ಅವತ್ತು ಮುಂದಿನ ಮೆಟ್ಟಿಲ ಮೇಲೆ ಒಂದು ಮಾತು ಅಂದ್ರಲ್ಲ, ಅದನ್ನ ಅದೇ ಮೆಟ್ಟಿಲ ಮೇಲೆ ವಾಪಸ್ ತಗೊಳ್ಳಿ. ಇವ್ನು ಸಕ್ಕರೆ ಬೆರೆಸಿರ್ಲಿಲ್ಲ, ಕಳ್ಳ ಅಲ್ಲ ಅಂತ. ನಾಲ್ಕು ಜನರ ಎದುರಿಗೆ. ಅಷ್ಟೇ.”

ಸಾಹುಕಾರ ಮೊದಲು ನಕ್ಕ. ಅವಳು ನಗಲಿಲ್ಲ. ಮೇಸ್ತ್ರಿ ಮುಂದೆ ಬಂದು, ಗುತ್ತಿಗೆ ಬೆಟ್ಟದ ಜೇನು ಮನೇಲಿಟ್ಕೊಂಡಿರೋದೇ ಕಳ್ಳತನ ಕಣೇ ಮುಂಡೆ, ಪೊಲೀಸರಿಗೆ ಹೇಳಿದ್ರೆ ಮುದುಕೀನ ಮಂಚ ಸಮೇತ ಹೊತ್ಕೊಂಡು ಹೋಗ್ತಾರೆ, ಎಂದ. ಹೊತ್ಕೊಂಡು ಹೋಗ್ಲಿ, ಯಾರಾದ್ರೂ ಹೊತ್ರೆ ಸಾಕಾಗಿದೆ ನಂಗೂ, ಎಂದಳು ಅತ್ತೆ ಒಳಗಿನಿಂದ. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಸಾಹುಕಾರ ಮೇಸ್ತ್ರಿಯನ್ನು ಹಿಂದಕ್ಕೆ ಸರಿಸಿದ.

“ಅಯ್ಯೋ, ಒಂದು ಮಾತಿಗೆ ಇಷ್ಟೆಲ್ಲಾನಾ?” ಎಂದ. “ಹೇಳೋಣ ಬಿಡು. ಭಾಷಣದಲ್ಲಿ ಸೇರಿಸ್ತೀನಿ.”

ಅವನು ಹೋದ ಮೇಲೆ ಜೇನುಗಾರ ಎದ್ದು ಬಟ್ಟೆ ಸರಿಸಿ ಹಗ್ಗವನ್ನು ಒಮ್ಮೆ ಎಳೆದು ನೋಡಿದ. ಹೇಳಲ್ಲ ಅವ್ನು, ಎಂದ. ಹೇಳಿದ್ರೆ ತನ್ನ ಬಾಟಲೀಲಿ ಏನಿದೆ ಅಂತಾನೂ ಹೇಳ್ಬೇಕಾಗುತ್ತೆ.

“ಹೇಳಿದ್ರೆ ಜೇನು ಕೊಡೋಣ,” ಎಂದಳು ಸಕ್ಕರೆ. “ಹೇಳ್ದಿದ್ರೆ ಅವ್ನು ಹೇಳಿದ್ದನ್ನೇ ಕೊಡೋಣ.”

ಗಂಡ ಅವಳ ಮುಖ ನೋಡಿದ. ಅತ್ತೆ ಮಂಚದ ಮೇಲಿನಿಂದಲೇ ಕೈ ನೀಡಿ ಸೊಸೆಯ ಕೆನ್ನೆ ತಟ್ಟಿದಳು.

ಮರುದಿನ ಸಂಜೆ ಅವರ ಮನೆ ಮುಂದೆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಸಾಹುಕಾರನ ಹಿತ್ತಲಿನಲ್ಲಿ ದುಡಿಯುವವರೇ: ಕೊಪ್ಪರಿಗೆಯವಳು, ಸೋಸುವವಳು, ಚೀಟಿ ಅಂಟಿಸುವವಳು. ಮೊದಲು ಬಂದವಳು ಬಾಟಲಿಗೆ ಮುಚ್ಚಳ ತಿರುಗಿಸುವ ಹುಡುಗಿ, ಎಲ್ಲರೂ ಅವಳನ್ನು ಮುಚ್ಚಳ ಎಂದೇ ಕರೆಯುವುದು. ಬಾಯಿ ಮುಚ್ಚಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ಪ್ರತಿಯೊಬ್ಬರ ಸೆರಗಿನಡಿಯೂ ಒಂದು ಬಟ್ಟಲು ಸಕ್ಕರೆ. ಬಟ್ಟಲಿನ ಸಕ್ಕರೆ ಮೊರಕ್ಕೆ ಸುರಿದು, ಅದೇ ಬಟ್ಟಲಿನ ತುಂಬ ಜಾಡಿಯ ಗಟ್ಟಿ ಜೇನು ಕೆತ್ತಿಕೊಂಡು ಹೋದರು; ಜಾಡಿ ಬರಿದಾದ ಮೇಲೆ ಮೊರದ ಸಕ್ಕರೆ ಅದರೊಳಗೆ ಹೋಯಿತು. ಸೌದೆಯ ಹಾಗೆ ಕೆತ್ತಬೇಕಾಯಿತು, ಅಷ್ಟು ಗಟ್ಟಿ. ಮೇಣ ಒಡೆದ ಕೂಡಲೇ ಕೋಣೆಯ ತುಂಬ ಸಾಸಿವೆ ಹೂವಿನ ವಾಸನೆ ಹಬ್ಬಿತು. ಜೇನುಗಾರ ಎದ್ದು ಹೊರಗೆ ಹೋದ.

“ಅಕ್ಕ, ಇದನ್ನ ಇಡೋದು ಹೆಂಗೆ?” ಎಂದು ಮುಚ್ಚಳ ಸಾಹುಕಾರನ ದನಿ ತೆಗೆದಳು. “ತಂಪಾದ ಒಣ ಕೋಣೇಲಿ ಇಡಿ ಅಂತಾರೆ. ನಮ್ಮನೇಲಿ ಅಂಥಾ ಕೋಣೆ ಎಲ್ಲೈತೆ ಅಂತ ಸಾವ್ಕಾರ್ರನ್ನೇ ಕೇಳಿ ಬರ್ಲಾ?”

“ಹೊಟ್ಟೇಲಿಡೇ,” ಎಂದಳು ಅತ್ತೆ. “ಕತ್ಲೆನೂ ಇರುತ್ತೆ, ಬಿಸಿಲೂ ಬೀಳಲ್ಲ.”

ಎರಡು ಜಾಡಿ ಬೀದಿಯ ಮನೆಗಳಲ್ಲಿ ಹಂಚಿಹೋಯಿತು. ಲಾರಿ ಬೇಕಾಗಲಿಲ್ಲ, ಚೀಟಿ ಬೇಕಾಗಲಿಲ್ಲ. ಸಾಹುಕಾರ ಬೋರ್ಡಿನಲ್ಲಿ ಬರೆಸಿದ್ದನ್ನು ಆ ಊರಿನಲ್ಲಿ ಮೊದಲು ಪಾಲಿಸಿದವರು ಅವನ ಕೂಲಿಯವರೇ. ಸಕ್ಕರೆ ತುಂಬಿದ ಎರಡು ಜಾಡಿಗಳ ಬಾಯಿಗೆ ಅತ್ತೆ ಮತ್ತೆ ಮೇಣ ಹುಯ್ಯಿಸಿ, ಅದೇ ಹಳೆಯ ಬಟ್ಟೆ ಕಟ್ಟಿಸಿದಳು. ಮೂರನೆಯದನ್ನು ಮುಟ್ಟಲಿಲ್ಲ. ಅದನ್ನು ಜೇನುಗಾರ ಹೊತ್ತುಕೊಂಡು ಹೋಗಿ ಅಂಗಡಿಯ ಹಿಂದಿನ ಬಾಗಿಲ ಬಳಿ ನಿಲ್ಲಬೇಕು. ಸಾಹುಕಾರ ಹಳೆಯ ಮಾತು ವಾಪಸ್ ತೆಗೆದುಕೊಂಡರೆ ಅವನು ಅದನ್ನು ಮುಂದಿನ ಬಾಗಿಲಿಗೆ ತರುತ್ತಾನೆ.

ಕಟ್ಟೆ ತೆರೆಯುವ ದಿನ ಅಂಗಡಿಯ ಮುಂದೆ ಶಾಮಿಯಾನ ಹಾಕಿದರು. ಮೇಸ್ತ್ರಿ ಎರಡು ಜಾಡಿಗಳನ್ನು ತಾನೇ ಒರೆಸಿ, ಹಾರ ಹಾಕಿ ಮೇಜಿನ ಮೇಲಿಟ್ಟ. ಇನ್ನೊಂದೆಲ್ಲಿ ಎಂದು ಅವನು ಕೇಳಿದಾಗ, ಹಿಂದಿನಿಂದ ಬರ್ತಾ ಇದೆ, ನಮ್ಮದೆಲ್ಲ ಹಿಂದಿನಿಂದಲೇ ಅಲ್ವಾ ಬರೋದು, ಎಂದಳು ಸಕ್ಕರೆ. ಅವಳು ಬಂಡೆಯ ಮೇಲೆ ತನ್ನ ಜಾಗದಲ್ಲಿ ಹೊಗೆಯ ಮಡಕೆ ಹಿಡಿದು ಕೂತಿದ್ದಳು. ಅಲ್ಲಿಂದ ಅಂಗಡಿಯ ಉದ್ದಕ್ಕೂ ಕಣ್ಣು ಹಾಯಿಸಿದರೆ ಹಿಂದಿನ ಬಾಗಿಲು ಕಾಣುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಹೆಗಲ ಮೇಲೆ ಜಾಡಿ ಹೊತ್ತ ಗಂಡ ಕಪ್ಪಗೆ ಕಾಣುತ್ತಿದ್ದ. ಇಳಿಸಿಡು ಎಂದು ಅವಳು ಕೈಸನ್ನೆ ಮಾಡಿದಳು. ಅವನು ಇಳಿಸಲಿಲ್ಲ.

ಅಧಿಕಾರಿಗಳು ಬಂದರು. ಮೃದುವಾದ ಮನುಷ್ಯರು, ಇಂಥ ಕಾರ್ಯಕ್ರಮಗಳಲ್ಲಿ ಯಾರು ಏನು ಕೊಟ್ಟರೂ ಕೈಯೊಡ್ಡಿ ಅಭ್ಯಾಸವಾದವರು. ಚಮಚದಮ್ಮ ಮುಂದಿನ ಸಾಲಿನಲ್ಲಿ ಚಮಚ ಹಿಡಿದೇ ಕೂತಳು. ಸಾಹುಕಾರ ಮಾತಿಗೆ ನಿಂತ.

ಬಹಳ ಚೆನ್ನಾಗಿ ಮಾತಾಡಿದ. ನೆರೆಯವರಿಂದಲೇ ಕೊಳ್ಳುವುದು ಹೇಗೆ ದೇವರ ಕೆಲಸ ಎಂದು ಹೇಳಿದ. ಬೆಟ್ಟ, ಹೂವು, ಹುಳ, ಎಲ್ಲದಕ್ಕೂ ಕೈ ಮುಗಿದ. ಆಮೇಲೆ ದನಿ ತಗ್ಗಿಸಿ, ಈ ಜಾಡಿಗಳ ಹಿಂದೆ ಒಂದು ಕಥೆ ಇದೆ, ಎಂದ. ಸಕ್ಕರೆ ಹೊಗೆಯ ಮಡಕೆಯನ್ನು ಕೆಳಗಿಟ್ಟಳು. ಹಿಂದಿನ ಬಾಗಿಲ ನೆರಳು ಒಂದು ಹೆಜ್ಜೆ ಮುಂದೆ ಬಂತು.

“ಈ ಬಡಜನ ನೋಡಿ, ಇವರಿಗೆ ತಮ್ಮ ಜೇನಿನ ಬೆಲೆ ತಮಗೇ ಗೊತ್ತಿಲ್ಲ,” ಎಂದ ಸಾಹುಕಾರ. “ಗಟ್ಟಿಯಾಯ್ತು ಅಂತ ಚೆಲ್ಲಕ್ಕೆ ಹೊರಟಿದ್ರು. ನಾನೇ ತಡೆದೆ. ಚೆಲ್ಲಬೇಡ್ರಪ್ಪ, ಮನೇಲಿ ಜೋಪಾನವಾಗಿಡಿ, ಒಂದಿನ ನಾನೇ ಬಂದು ತಗೋತೀನಿ ಅಂದಿದ್ದೆ. ಇವತ್ತು ಕೊಟ್ಟ ಮಾತು ಉಳಿಸ್ಕೊಂಡಿದ್ದೀನಿ.”

ಜನ ಚಪ್ಪಾಳೆ ತಟ್ಟಿದರು. ಸಾಹುಕಾರ ಬಂಡೆಯತ್ತ ತಿರುಗಿ, ಏನೇ ಸಕ್ಕರೆ, ಹೌದೋ ಅಲ್ವೋ, ಎಂದು ನಕ್ಕ. ಅವಳು ಹೌದು ಎಂದು ತಲೆಯಾಡಿಸಿದಳು. ಹಿಂದಿನ ಬಾಗಿಲಲ್ಲಿ ಗಂಡ ಜಾಡಿಯನ್ನು ಹೆಗಲಿನಿಂದ ಇಳಿಸಿ ಪಕ್ಕದಲ್ಲಿದ್ದ ಹುಡುಗಿ ಮುಚ್ಚಳಳ ಕೈಗೆ ಕೊಟ್ಟ. ಅವಳು ಅದನ್ನು ಸೊಂಟಕ್ಕೇರಿಸಿ ಓಟದ ನಡಿಗೆಯಲ್ಲಿ ಬೀದಿಗೆ ಒಯ್ದು ಮುದುಕಿಯ ಮಂಚದ ಕೆಳಗಿಟ್ಟು ಬಂದಳು. ಅವಳು ಬರುವವರೆಗೂ ಅಧಿಕಾರಿಗಳ ಭಾಷಣ ನಡೆಯುತ್ತಲೇ ಇತ್ತು.

ಆಮೇಲೆ ಅಧಿಕಾರಿಗಳು ಬೆಳ್ಳಿಯ ಚಾಕುವಿನಿಂದ ಮೊದಲ ಜಾಡಿಯ ಮೇಣ ಒಡೆದರು. ಚಮಚದಮ್ಮ ಮರದ ಚಮಚವನ್ನು ಒಳಗೆ ಊರಿದಳು. ಚಮಚ ನಿಂತಿತು. ಎಲ್ಲರಿಗೂ ಬಹಳ ಸಂತೋಷವಾಯಿತು. ಎತ್ತಿ ನೋಡಿದರೆ ಅದರ ತುಂಬ ಬಿಳಿ ಸಕ್ಕರೆ. ಸರಸರನೆ ಮೇಜಿನ ಮೇಲೆ ಉದುರಿತು.

ಸಾಹುಕಾರ ಜಾಡಿಯೊಳಕ್ಕೆ ಕೈ ಹಾಕಿದ, ಮೊಣಕೈವರೆಗೂ ಇಳಿಸಿದ. ಎರಡನೆಯದನ್ನು ತಾನೇ ಒಡೆದ. ಅದರಲ್ಲೂ ಸಕ್ಕರೆಯೇ.

“ಏನೇ ಇದು?”

ಅವಳು ಬಂಡೆಯಿಂದ ಇಳಿದು ಬಂದು ಮೆಟ್ಟಿಲ ಮೇಲೆ ನಿಂತಳು.

“ಸಕ್ಕರೆ, ಸಾವ್ಕಾರ್ರೆ. ಅವತ್ತು ಇದೇ ಮೆಟ್ಟಿಲ ಮೇಲೆ ನಿಂತ್ಕೊಂಡು ಜಾಡೀಲಿರೋದು ಸಕ್ಕರೆ ಅಂತ ನೀವೇ ಹೇಳಿದ್ರಿ. ನಿಮ್ಮಂಥ ದೊಡ್ಡೋರ ಮಾತು ಸುಳ್ಳಾಗಬಾರ್ದು ನೋಡಿ.” ಅವಳು ಚಮಚದಮ್ಮನಿಗೂ ಕೈ ಮುಗಿದಳು. “ಕಲಬೆರಕೆ ಏನೂ ಇಲ್ಲ ಅಮ್ಮಾವ್ರೆ, ಚೊಕ್ಕ ಸಕ್ಕರೆ. ದೂರದ್ದಲ್ಲ. ನೆರೆಮನೇದೇ.”

ಮೇಸ್ತ್ರಿ ಅವಳ ಕುತ್ತಿಗೆಗೆ ಕೈ ಹಾಕಲು ನುಗ್ಗಿದ. ಅಷ್ಟರಲ್ಲಿ ಅವಳೇ ಜಾಡಿಯಿಂದ ಒಂದು ಹಿಡಿ ಮೊಗೆದು ತನ್ನ ಬಾಯಿಗೆ ಹಾಕಿಕೊಂಡಳು. ಸಾಹುಕಾರನನ್ನೇ ನೋಡುತ್ತ ನಿಧಾನವಾಗಿ ಅಗಿದಳು. ಮೇಸ್ತ್ರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅವನಿಗೆ ಗೊತ್ತಿದ್ದ ಶಿಕ್ಷೆಯನ್ನು ಅವಳು ಆಗಲೇ ಉಣ್ಣುತ್ತಿದ್ದಳು.

ಒಳಗೆ ಹೆಜ್ಜೆ ಸಪ್ಪಳವಾಯಿತು. ಮುಚ್ಚಳ ಹಿಂದಿನ ಬಾಗಿಲಿನಿಂದ ಅಂಗಡಿಯೊಳಗೆ ಕಾಲಿಟ್ಟಳು. ಗಾಜಿನ ಕಪಾಟುಗಳ ನಡುವೆ, ಒದ್ದೆ ಪಾದದ ಗುರುತು ಮೂಡಿಸುತ್ತ, ನೇರವಾಗಿ ನಡೆದು ಮುಂದಿನ ಹೊಸ್ತಿಲು ದಾಟಿ ಬಂದು ಕೈಯೊಡ್ಡಿದಳು. ಸಕ್ಕರೆ ಅವಳ ಅಂಗೈಗೆ ಒಂದು ಹಿಡಿ ಹಾಕಿದಳು. ಹಿಂದೆಯೇ ಕೊಪ್ಪರಿಗೆಯವಳು ಬಂದಳು, ಅವಳ ಹಿಂದೆ ಸೋಸುವವಳು, ಚೀಟಿಯವಳು. ಒಬ್ಬೊಬ್ಬರೂ ಕೈಯೊಡ್ಡಿ, ಬಾಯಿಗೆ ಹಾಕಿಕೊಂಡು, ಸಾಹುಕಾರನ ಎದುರು ಸಾಲಾಗಿ ನಿಂತು ಅಗಿದರು. ಅಷ್ಟು ಜನ ಒಟ್ಟಿಗೆ ಸಕ್ಕರೆ ಅಗಿಯುವ ಸದ್ದು, ಯಾವುದೋ ಗೂಡಿನೊಳಗೆ ಹುಳಗಳು ಕೆಲಸಕ್ಕೆ ಕೂತ ಹಾಗೆ, ಶಾಮಿಯಾನದ ಕೆಳಗೆ ಕೇಳಿಸಿತು.

ಇದೂ ಕಾರ್ಯಕ್ರಮದ ಭಾಗವೇ ಇರಬೇಕೆಂದು ಅಧಿಕಾರಿಗಳೂ ಸಾಲಿನಲ್ಲಿ ನಿಂತು ಕೈಯೊಡ್ಡಿದರು. ಸಕ್ಕರೆ ಅವರಿಗೂ ಹಾಕಿದಳು. ಅವರು ಕಣ್ಣು ಮುಚ್ಚಿ ಚಪ್ಪರಿಸಿ, ಚೆನ್ನಾಗಿದೆ, ಎಂದರು.

ಕೊನೆಗೆ ಜೇನುಗಾರ ಬಂದ. ಅವನು ಆ ಮೆಟ್ಟಿಲಿಗೆ ಬಂದದ್ದು ಅದು ಎರಡನೆಯ ಸಲ. ಮೊದಲ ಸಲ ಎಳೆದು ತಂದಿದ್ದರು. ಹೆಂಡತಿಯ ಎದುರು ನಿಂತು ಅಂಗೈ ಚಾಚಿದ. ಅವಳು ಹಾಕಲೋ ಬೇಡವೋ ಎಂದು ಅವನ ಕಣ್ಣನ್ನೇ ನೋಡಿದಳು. ಅವನು ಚಾಚಿದ ಕೈ ತೆಗೆಯಲಿಲ್ಲ. ಅವಳು ಚಿಟಿಕೆಯಷ್ಟು ಹಾಕಿದಳು. ಇನ್ನೂ ಹಾಕು ಎಂದ. ಹಿಡಿ ತುಂಬುವವರೆಗೂ ಹಾಕಿದಳು.

ಅವನು ಅದರಿಂದ ಒಂದು ಹರಳನ್ನು ತೆಗೆದು ನಾಲಿಗೆಯ ಮೇಲಿಟ್ಟುಕೊಂಡ. ಅದು ಪೂರ್ತಿ ಕರಗುವವರೆಗೂ ಕಾದ. ಆಮೇಲೆ ಉಳಿದ ಹಿಡಿಯನ್ನು ಬಿಗಿಹಿಡಿದು ಸಾಹುಕಾರನ ಎದುರು ಹೋಗಿ ನಿಂತ.

“ಬಾಯಿ ತೆಗೀರಿ ಸಾವ್ಕಾರ್ರೆ,” ಎಂದ, ಬಹಳ ಮರ್ಯಾದೆಯಿಂದ.

ಸಾಹುಕಾರ ಮೇಸ್ತ್ರಿಯತ್ತ ನೋಡಿದ. ಮೇಸ್ತ್ರಿ, ಅಗಿಯುತ್ತಿದ್ದ ಹೆಂಗಸರ ಸಾಲಿನತ್ತ ನೋಡಿದ. ಗಿರಾಕಿಗಳು ಫೋನು ಎತ್ತಿ ಹಿಡಿದಿದ್ದರು. ತಗೊಳ್ಳಿ, ನಾಚಿಕೆ ಯಾಕೆ, ನಿಮ್ಮದೇ ಕಾರ್ಯಕ್ರಮ, ಎಂದು ಅಧಿಕಾರಿಗಳು ಹುರಿದುಂಬಿಸಿದರು. ಸಾಹುಕಾರನ ತುಟಿಗಳು ಬಿಗಿದುಕೊಂಡಿದ್ದವು.

ಜೇನುಗಾರನ ಎತ್ತಿದ ಕೈಯ ಬೆರಳ ಸಂದಿಯಿಂದ ಸಕ್ಕರೆ ಹರಳು ಹರಳಾಗಿ ಮೆಟ್ಟಿಲ ಮೇಲೆ ಉದುರುತ್ತಿತ್ತು. ಎಲ್ಲಿಂದಲೋ ಇರುವೆಗಳು ಆಗಲೇ ಸಾಲು ಹಿಡಿದಿದ್ದವು. ಕೈ ಕೆಳಗಿಳಿಯಲಿಲ್ಲ.